ಎಡಕ್ಕೆ ಒಂದೂವರೆ, ಬಲಕ್ಕೆ ಎರಡು

ಭಾವನಿಗೂ ಭಾವಮೈದನಿಗೂ ಎಣ್ಣೆ ಸೀಗೆಕಾಯಿ ಎನ್ನುವುದು ಆ ಬೀದಿಯ ಪಂಕ್ಚರ್ ಅಂಗಡಿಯವನಿಗೂ ಗೊತ್ತಿತ್ತು. ಹನ್ನೆರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಭಾವ ಊರುಗೋಲು ಕುಟ್ಟಿಕೊಂಡು ಶೆಡ್ಡಿನೊಳಗೆ ಬಂದಾಗ, ಶಾಲೆಯ ವ್ಯಾನಿನಡಿ ಮಲಗಿದ್ದ ಭಾವಮೈದ, ಎಲ್ಲರ ಬಾಯಲ್ಲಿ ದಾರದ ಮೇಸ್ತ್ರಿ, ಬೀದಿಯಲ್ಲಿ ಆಗಾಗ ಕೇಳಿದ್ದ ಆ ಕುಟ್ಟುವ ಸದ್ದಿನಿಂದಲೇ ಗುರುತು ಹಿಡಿದ. ಆದರೂ ಏಳಲಿಲ್ಲ.

"ಎದ್ದು ಬಾ. ಕೆಲಸ ಇದೆ."

"ಕೆಲಸ ಇಲ್ಲೂ ಬೇಕಾದಷ್ಟಿದೆ."

"ನಾನೇನು ಆಸೆಪಟ್ಟು ಬಂದಿಲ್ಲ. ನಾಡಿದ್ದು ಮಗಳ ಮೊದಲ್ನೇ ರೇಸು. ಮಾವನೇ ಚಕ್ರ ಕೂರಿಸ್ಬೇಕು ಅಂತ ಹಟ ಹಿಡಿದಿದಾಳೆ. ಕಾರು ತರ್ತಿದಾಳೆ, ಈಗ ಬರ್ತಾಳೆ."

ಸೋದರಸೊಸೆಯ ಮಾತು ಬಂದದ್ದಕ್ಕೆ ಮೇಸ್ತ್ರಿ ವ್ಯಾನಿನಡಿಯಿಂದ ಹೊರಬಂದ. ಇಲ್ಲದಿದ್ದರೆ ಸಂಜೆಯವರೆಗೂ ಅಲ್ಲೇ ಮಲಗಿರುವಷ್ಟು ಹಟ ಅವನಿಗೂ ಇತ್ತು.

ಬೇರೆಯವರು ಕಂಪ್ಯೂಟರ್ ಪರದೆ ನೋಡಿ ಚಕ್ರ ಕೂರಿಸುತ್ತಾರೆ, ಅಂದರೆ ಅದರ ಓರೆಕೋರೆ ತಿದ್ದುತ್ತಾರೆ. ಈತ ಕಾರಿನ ಎರಡೂ ಪಕ್ಕ ಕಬ್ಬಿಣದ ಕಂಬ ನಿಲ್ಲಿಸಿ, ದಾರ ಎಳೆದು ಕಟ್ಟಿ, ದಾರದಿಂದ ಚಕ್ರದ ಅಂಚಿಗೆ ಎಷ್ಟು ದೂರ ಎಂದು ಉಕ್ಕಿನ ಸ್ಕೇಲು ಹಿಡಿದು ನೋಡುತ್ತಾನೆ. ಅರ್ಧ ಮಿಲಿಮೀಟರ್ ಕೂಡ ಅವನ ಕಣ್ಣು ತಪ್ಪಿಸುವುದಿಲ್ಲ. ಒಂದು ಕಾಲದಲ್ಲಿ ರೇಸಿನ ಕಾರುಗಳು ಈ ಶೆಡ್ಡಿನ ಮುಂದೆ ಸಾಲು ನಿಲ್ಲುತ್ತಿದ್ದವು. ಈಗ ಬರುವುದು ಶಾಲೆಯ ವ್ಯಾನು, ಟ್ಯಾಕ್ಸಿ, ತರಕಾರಿ ಟೆಂಪೊ. ಅದಕ್ಕೆ ಕಾರಣ ಭಾವನ ನಾಲಿಗೆ.

ಹನ್ನೆರಡು ವರ್ಷದ ಹಿಂದೆ ರೇಸಿನ ತಿರುವಿನಲ್ಲಿ ಭಾವನ ಕಾರಿನ ಹಿಂಭಾಗ ಮುಂದಕ್ಕೆ ಬಂದು, ಗಿರಕಿ ಹೊಡೆದು ಗೋಡೆಗೆ ಬಡಿಯಿತು. ಎಡಗಾಲು ಮೂರು ಕಡೆ ಮುರಿಯಿತು. "ಅವನು ಏನು ಅಳತೆ ಇಟ್ಟಿದ್ನೋ ನಂಗೇನು ಗೊತ್ತು? ನಂಬಿ ಹತ್ತಿದೆ, ಕೆಟ್ಟೆ" ಎಂದು ಆಸ್ಪತ್ರೆಯ ಹಾಸಿಗೆಯಿಂದಲೇ ಬಂದವರಿಗೆಲ್ಲ ಹೇಳಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿಜ ಏನೆಂದರೆ, ಆ ಅಳತೆ ಭಾವನದೇ. ಮೇಸ್ತ್ರಿ ಬೇಡವೆಂದು ಎರಡು ಸಲ ಹೇಳಿದ್ದ. ಕಾರು ತಿರುವಿನಲ್ಲಿ ಬೇಗ ಹೊರಳಲಿ ಎಂದು ಭಾವ ಎದುರಿಗೆ ನಿಂತು ಇಡಿಸಿಕೊಂಡಿದ್ದ.

ಮೇಸ್ತ್ರಿ ಅದನ್ನು ಹೇಳಿಬಿಡುತ್ತಿದ್ದ. ಆದರೆ ಅಕ್ಕ ಬಂದು ಕೈ ಹಿಡಿದುಕೊಂಡಳು. "ಕಾಲಂತೂ ಹೋಯ್ತು ಕಣೋ. ಮರ್ಯಾದೆನಾದ್ರೂ ಉಳೀಲಿ. ಬಾಯಿ ಬಿಡಬೇಡ." ಮೇಸ್ತ್ರಿ ಮಾತು ಕೊಟ್ಟ. ಮಾತು ಉಳಿಯಿತು, ಕಸುಬು ಹಾಳಾಯಿತು.

ಭಾವ ಜೇಬಿನಿಂದ ಮಡಚಿದ ಚೀಟಿ ತೆಗೆದುಕೊಟ್ಟ. "ಹೀಗೆ ಇಡು."

ಮುಂದಿನ ಚಕ್ರದ ತಲೆ ಒಳಕ್ಕೆ ಮೂರು ಡಿಗ್ರಿ ವಾಲಬೇಕು. ಅದರಲ್ಲಿ ಮೇಸ್ತ್ರಿಯ ತಕರಾರಿರಲಿಲ್ಲ. ಕೆಳಗಿನ ಸಾಲಿಗೆ ಬಂದಾಗ ಅವನ ಕಣ್ಣು ನಿಂತಿತು. ಹಿಂದಿನ ಚಕ್ರಗಳ ಮೂತಿ, ಅಂದರೆ ಮುಂದಿನ ಅಂಚು, ಹೊರಕ್ಕೆ: ಎಡ ಒಂದೂವರೆ ಮಿಲಿ, ಬಲ ಎರಡು.

ಹಿಂದಿನ ಚಕ್ರಗಳು ಸ್ವಲ್ಪ ಒಳಮುಖವಾಗಿದ್ದರೆ ಕಾರು ನೆಟ್ಟಗೆ ಹೋಗುತ್ತದೆ. ಹೊರಮುಖವಾಗಿದ್ದರೆ, ತಿರುವಿನಲ್ಲಿ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿದ ಕೂಡಲೇ ಹಿಂಭಾಗ ಮುಂದಕ್ಕೆ ಓಡಿಬರುತ್ತದೆ. ಅದೂ ಎಡಕ್ಕೆ ಒಂದೂವರೆ, ಬಲಕ್ಕೆ ಎರಡು. ಹನ್ನೆರಡು ವರ್ಷದ ಹಿಂದಿನ ಆ ಅಳತೆಯನ್ನು ಮೇಸ್ತ್ರಿ ಸತ್ತರೂ ಮರೆಯುವಂತಿರಲಿಲ್ಲ.

"ಇದು ಬೀಳಿಸೋ ಅಳತೆ" ಎಂದ.

"ಗೊತ್ತು. ನಾಳೆ ಬರೀ ಅಭ್ಯಾಸ. ತಿರುವಿನಾಚೆ ಮರಳು ಹಾಕಿದಾರೆ. ಒಂದ್ಸಲ ಗಿರಕಿ ಹೊಡೆದ್ರೆ ಅವಳ ರೇಸಿನ ಹುಚ್ಚು ಬಿಟ್ಟೋಗುತ್ತೆ. ಮತ್ತೆ ಈ ಕಡೆ ತಲೆ ಹಾಕಲ್ಲ."

"ಮರಳಿನಾಚೆ ಗೋಡೆ ಇದೆ."

"ಮಗಳು ನನ್ನವಳು. ನಿಂಗೇನು, ಹೆಸರಿನ ಚಿಂತೆನಾ? ಅದು ಯಾವತ್ತೋ ಹೋಯ್ತಲ್ಲ. ಹೋಗಿರೋ ಹೆಸರು ಇನ್ನೊಂದ್ಸಲ ಹೋಗುತ್ತಾ?"

ಮೇಸ್ತ್ರಿಯ ಕೈಯಲ್ಲಿ ಸ್ಪ್ಯಾನರ್ ಇತ್ತು. ಅದನ್ನು ಬೆಂಚಿನ ಮೇಲೆ ಇಟ್ಟುಬಿಡುವುದೇ ಒಳ್ಳೆಯದು ಅನ್ನಿಸಿ ಇಟ್ಟ. ಈ ಮನುಷ್ಯ ಬಿದ್ದಾಗ ಬರೀ ಕಾಲು ಮುರಿಯಿತಲ್ಲ ಎಂದು ಅವನಿಗೆ ಆಗ ನಿಜವಾಗಿಯೂ ಬೇಜಾರಾಯಿತು.

ಅಷ್ಟರಲ್ಲಿ ಹಳದಿ ಕಾರು ಗುರುಗುಟ್ಟುತ್ತ ಒಳಗೆ ಬಂತು. ಹುಡುಗಿ ಇಳಿಯಲು ಬಾಗಿಲು ತೆಗೆದಳು.

"ನೀನು ಮನೆಗೆ ಹೋಗು" ಎಂದ ಭಾವ. "ಸೀಟಿನ ಮೇಲೆ ಮರಳಿನ ಮೂಟೆ ಇಟ್ಟು ಅಳೀತಾನೆ."

"ನನ್ನ ಶೆಡ್ಡಲ್ಲಿ ಮೂಟೆಗಳು ಕಾರು ಓಡಿಸಲ್ಲ" ಎಂದ ಮೇಸ್ತ್ರಿ. "ಕೂತಿರು ಮಗಳೇ. ಹೆಲ್ಮೆಟ್ಟೂ ಹಾಕ್ಕೋ."

ಅದು ಅವನ ಹಳೆಯ ಕಟ್ಟಳೆ. ಓಡಿಸುವವರ ಭಾರಕ್ಕೆ ಕಾರು ಕುಗ್ಗಬೇಕು, ಆಮೇಲೆ ಅಳತೆ. ಅಳೆಯುವಾಗ ಸೀಟಿನಲ್ಲಿದ್ದವರು ಅಲ್ಲಾಡಬಾರದು, ಹೊರಗಿದ್ದವರು ಕಾರಿಗೆ ಬೆರಳೂ ತಾಗಿಸಬಾರದು. ಚಕ್ರ ಸಲೀಸಾಗಿ ಹೊರಳಲೆಂದು ಪ್ರತಿ ಚಕ್ರದ ಕೆಳಗೂ ಗ್ರೀಸು ಸವರಿದ ಜೋಡಿ ತಗಡು ಸರಿಸಿ, ಕಂಬ ನಿಲ್ಲಿಸಿ, ದಾರ ಕಟ್ಟಿದ. ಹುಡುಗಿ ಸ್ಟೇರಿಂಗ್ ಹಿಡಿದು ಗೊಂಬೆಯ ಹಾಗೆ ಕೂತಳು.

ಭಾವ ಹಿಂದೆಯೇ ನಿಂತಿದ್ದ. "ಚೀಟೀಲಿ ಇರೋ ಹಾಗೇ ಇಡ್ಬೇಕು."

ಮೇಸ್ತ್ರಿ ಕೈ ಒರೆಸಿಕೊಂಡ. ಗೋಡೆಯ ಕಪಾಟಿನಿಂದ ಎಣ್ಣೆ ಮೆತ್ತಿದ ಒಂದು ಉದ್ದ ಪುಸ್ತಕ ತೆಗೆದ. ಶೆಡ್ಡಿಗೆ ಬಂದ ಒಂದೊಂದು ಕಾರಿನ ಅಳತೆಯೂ ತಾರೀಕಿನ ಸಮೇತ ಅದರಲ್ಲಿತ್ತು. ಹುಡುಕಬೇಕಾಗಿರಲಿಲ್ಲ, ಭಾವನ ಕಾರಿನ ಆ ಪುಟ ತಾನಾಗಿ ತೆರೆದುಕೊಳ್ಳುವಷ್ಟು ಸಲ ಅವನು ಅದನ್ನು ನೋಡಿದ್ದ. ಭಾವನ ಚೀಟಿಯನ್ನು ಆ ಪುಟದ ಮೇಲಿಟ್ಟು, ಕಿಟಕಿಯೊಳಗಿಂದ ಹುಡುಗಿಯ ತೊಡೆಯ ಮೇಲೆ ಇಟ್ಟ. ಬಾಯಿ ಬಿಡಲಿಲ್ಲ.

ಅವಳು ಓದಿದಳು: ಪುಟದಲ್ಲೂ ಚೀಟಿಯಲ್ಲೂ ಒಂದೇ ಅಳತೆ. ಆ ತಾರೀಕು ಅವಳಿಗೆ ಗೊತ್ತಿತ್ತು. ಅವತ್ತು ಒಂಬತ್ತು ವರ್ಷದವಳು, ಅಮ್ಮನ ಸೆರಗು ಹಿಡಿದು ಬೇಲಿಯಾಚೆ ನಿಂತು ನೋಡಿದ್ದಳು.

"ಅಪ್ಪಾ, ಅವತ್ತು ಮಾವ ಏನು ಅಳತೆ ಇಟ್ಟಿದ್ರು ಅಂತ ನಿಂಗೆ ಗೊತ್ತೇ ಇರ್ಲಿಲ್ಲ ಅಲ್ವಾ?"

"ಗೊತ್ತಿದ್ರೆ ಹತ್ತುತಿದ್ನಾ?" ಎಂದ ಭಾವ. ಹನ್ನೆರಡು ವರ್ಷ ಆಡಿ ಪಳಗಿದ ನಾಲಿಗೆ, ಯೋಚನೆಗೆ ಕಾಯಲಿಲ್ಲ.

ಅವಳು ಚೀಟಿ ಎತ್ತಿ ಹಿಡಿದಳು. "ಹಂಗಾದ್ರೆ ಇದನ್ನ ಯಾವಾಗ ಬಾಯಿಪಾಠ ಮಾಡ್ದೆ?"

ಭಾವ ಚೀಟಿ ಕಿತ್ತುಕೊಳ್ಳಲು ಮುಂದೆ ಬಂದ. ಗ್ರೀಸಿನ ಮೇಲೆ ಊರುಗೋಲು ಜಾರಿ, ಉರುಳಿ ಬೆಂಚಿನಡಿ ಸೇರಿತು. ಬೀಳದಿರಲು ಹಿಂದಿನ ಚಕ್ರದ ಮೇಲೆ ಕಾರಿನ ಮೈಗೆ ಕೈ ಊರಿ ನಿಂತ. ಮೇಸ್ತ್ರಿಯ ಕಡೆ ತಿರುಗಿ, "ನಿಮ್ಮಕ್ಕಂಗೆ ಮಾತು ಕೊಟ್ಟಿದ್ದೆ ನೀನು" ಎಂದ.

ಅಂದರೆ ಅದೂ ಈ ಮನುಷ್ಯನಿಗೆ ಗೊತ್ತಿತ್ತು. ತನ್ನ ಬಾಯಿಗೆ ಬೀಗ ಹಾಕಿಸಿದ್ದು ಅಕ್ಕನ ಕಣ್ಣೀರಲ್ಲ, ಇವನ ಹೂಟ. ಮೇಸ್ತ್ರಿಯ ಮೈ ಉರಿಯಿತು.

"ನಾನೆಲ್ಲಿ ಬಾಯಿ ಬಿಟ್ಟೆ ಭಾವ?"

ಭಾವ ಮಗಳ ಕಡೆ ನೋಡಿದ. "ನಿನ್ನ ಒಳ್ಳೇದಕ್ಕೆ ಕಣೇ. ನೀನೂ ನನ್ನಂಗೆ ಆಗ್ಬಾರ್ದು ಅಂತ." ಅವನ ದನಿ ನಡುಗುತ್ತಿತ್ತು. ಹೆದರಿಕೆ ಸುಳ್ಳಲ್ಲ ಎಂದು ಮೇಸ್ತ್ರಿಗೂ ತಿಳಿಯಿತು. ತಿಳಿದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನಿನ್ನಂಗೆ ಆಗ್ಬಾರ್ದು ಅಂತ ನಿನ್ನ ಅಳತೆನೇ ಕೊಟ್ಯಾ" ಎಂದಳು ಹುಡುಗಿ. ಆಮೇಲೆ ಕೇಳಿದಳು, "ಮಾವ, ನೀವಾದ್ರೆ ಎಷ್ಟು ಇಡ್ತೀರಿ?"

"ಹಿಂದೆ ಎರಡೂ ಒಳಕ್ಕೆ. ಒಂದೊಂದು ಮಿಲಿ."

"ಅದನ್ನೇ ಇಡಿ."

ಮೇಸ್ತ್ರಿ ಸ್ಪ್ಯಾನರ್ ತಂದು, ಕಾರಿನಡಿ ತೂರಿ ಎರಡು ನಟ್ಟು ಸಡಿಲಿಸಿ, ತಿರುಗಿಸಿ, ಬಿಗಿದ. ಹೊರಬಂದು ದಾರಕ್ಕೆ ಸ್ಕೇಲು ಹಿಡಿದ. ಒಂದೂವರೆ ಬಂತು. ಮತ್ತೆ ನೋಡಿದ, ಮುಕ್ಕಾಲು ಬಂತು. ಯಾಕೆಂದು ಅವನಿಗೆ ಗೊತ್ತಿತ್ತು, ಆದರೆ ಆ ಮನುಷ್ಯನ ಜೊತೆ ಆಡುವ ಮಾತು ಅವನಲ್ಲಿ ಮುಗಿದುಹೋಗಿತ್ತು.

ಹುಡುಗಿ ಕನ್ನಡಿಯಲ್ಲಿ ನೋಡಿದಳು. ತಲೆ ತಿರುಗಿಸಲಿಲ್ಲ, ತಿರುಗಿಸಬಾರದಲ್ಲ.

"ಅಪ್ಪಾ, ಕಾರಿನ ಮೇಲಿಂದ ಕೈ ತೆಗಿ. ಅಳತೆ ಕೆಡುತ್ತೆ."

ಭಾವ ಬೆಂಚಿನಡಿ ನೋಡಿದ, ಮಗಳನ್ನು ನೋಡಿದ, ಕೈ ತೆಗೆದ. ಹಿಡಿಯಲು ಹತ್ತಿರದಲ್ಲಿ ಏನೂ ಇರಲಿಲ್ಲ. ಶೆಡ್ಡಿನ ನಡುವೆ ಒಂದೇ ಕಾಲಿನ ಮೇಲೆ ಭಾರ ಹಾಕಿಕೊಂಡು ನಿಂತ.

ಮೇಸ್ತ್ರಿ ಊರುಗೋಲು ಎತ್ತಿಕೊಡಲಿಲ್ಲ. ಮೊದಲು ಎಡ ಚಕ್ರ ಅಳೆದ, ಆಮೇಲೆ ಬಲ ಚಕ್ರ.