ನಿನ್ನೆಯ ಸೀರೆ

ಮದರಾಸಿನ ಸಿನಿಮಾ ಕಂಪನಿಯವರು ಸುಂಟಿಕೊಪ್ಪದ ಹತ್ತಿರ ಉತ್ತಯ್ಯನವರ ಎಸ್ಟೇಟಿಗೆ ಬಂದಾಗ ಕಾಫಿ ಹೂ ಬಿಟ್ಟಿತ್ತು. ಅವರ ಕತೆಗೆ ಹಣ್ಣೂ ಬೇಕಿತ್ತಂತೆ; ಹಣ್ಣಿಗೆ ಇನ್ನೂ ಏಳೆಂಟು ತಿಂಗಳಿತ್ತು. ಬಣ್ಣದ ಮಣಿಗಳನ್ನು ದಾರದಲ್ಲಿ ಪೋಣಿಸಿ ಹೂವಿನ ಕೊಂಬೆಗಳಿಗೆ ಕಟ್ಟಿದರು.

"ಒಂದೇ ಗಿಡದಾಗೆ ಬಸುರಿನೂ ಅವ್ಳೆ, ಬಾಣಂತಿನೂ ಅವ್ಳೆ!" ಅಂದಳು ಕೂಲಿಯವರ ಲೈನುಮನೆಯ ಆಳು ಸಣ್ಣಿ. ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಡೈರೆಕ್ಟರ್ ತಲೆ ಕೆಡಿಸಿಕೊಳ್ಳಲಿಲ್ಲ. "ಕಾಫಿ ಕುಡಿಯೋರು ಗಿಡ ನೋಡಿರ್ತಾರೇನ್ರಿ?"

ಏಟು ತಿನ್ನುವ ಆಳಿನ ಪಾರ್ಟು ಸಣ್ಣಿಗೆ ಸಿಕ್ಕಿತು. ಕಂಪನಿಯ ಪಟ್ಟೆ ಸೀರೆ ಉಡಿಸಿದರು. ನಟನಿಗೆ ಹೊಡೆಯಲು ಬರುತ್ತಿರಲಿಲ್ಲ. ಹಾಜರಿ ಹಾಕುವ ಎಸ್ಟೇಟಿನ ರೈಟರ್ ಶಾಂತಪ್ಪನೇ ಮುಂದೆ ಬಂದು, "ಹಂಗಲ್ಲ ಸ್ವಾಮಿ, ಹಿಂಗೆ" ಎಂದು ಅವಳ ಕೆನ್ನೆಯ ಮೇಲೆ ತೋರಿಸಿಕೊಟ್ಟ. ಅವನಿಗೆ ಅಭ್ಯಾಸವಿತ್ತು.

ಮರುದಿನ ಬೆಳಿಗ್ಗೆ ಬೆಳಕು ಸಾಲದೆಂದು ಸಣ್ಣಿಯ ಗಂಡ ಮಾರಿಯನ್ನು ಕೊಂಬೆ ಕಡಿಯಲು ನೆರಳುಮರ ಹತ್ತಿಸಿದರು. ಕೊಂಬೆಯ ಜೊತೆಗೆ ಅವನೂ ಬಿದ್ದ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಣ್ಣಿ ಕೂಗುತ್ತಿದ್ದಂತೆ ಉಸಿರು ನಿಂತಿತು. ಪಟ್ಟೆ ಸೀರೆಯೆಲ್ಲ ರಕ್ತ.

ಹೆಣ ಲೈನಿಗೆ ಹೋಯಿತು. ಹಿಂದೆ ಹೊರಟ ಸಣ್ಣಿಯನ್ನು ಶಾಂತಪ್ಪ ತಡೆದ.

"ನಿನ್ನೆ ಏಟು ತಿಂದಿದ್ದು ಆಗದೆ. ನೀನು ಬೀಳಾದು ಬಾಕಿ ಅದೆ. ಅದು ಮುಗಿಸಿ ಹೋಗು."

"ನನ್ ಗಂಡ ಸತ್ತವ್ನೆ ಅಯ್ಯಾ. ಒಂದು ಹಿಡಿ ಮಣ್ಣು ಹಾಕ್ ಬತ್ತೀನಿ, ಆಮೇಲೆ ನೂರು ಸಲ ಬೀಳ್ತೀನಿ."

"ಮಣ್ಣು ಯಾರ್ದು? ಧಣಿಗಳ್ದು. ಅವನ್ನ ಹೂಳಾಕೆ ಜಾಗ ಬೇಕೋ ಬ್ಯಾಡ್ವೋ?"

ಅವಳು ನಿಂತಳು. ಕಂಪನಿಯ ಅಸಿಸ್ಟೆಂಟು ಅದೇ ಪಟ್ಟೆಯ ಇನ್ನೊಂದು ಸೀರೆ ತಂದು ಅವಳ ಕೈಗಿತ್ತ. "ರಕ್ತ ಕಾಣಬಾರದಮ್ಮ. ನಿನ್ನೆ ಹೇಗಿದ್ದೆಯೋ ಇವತ್ತೂ ಹಾಗೇ ಇರಬೇಕು."

ಸಣ್ಣಿ ನಿನ್ನೆಯ ಹಾಗೆ ಇದ್ದಳು. ಆರು ಸಲ ಬಿದ್ದಳು.

ಉಟ್ಟ ಸೀರೆಯಲ್ಲೇ ಗುಂಡಿಯ ಹತ್ತಿರ ಓಡಿ ಬಂದಾಗ ಹೆಣ ಇಳಿಸಿದ್ದರು. ಬಾಗಿ ಮುಷ್ಟಿ ತುಂಬ ಮಣ್ಣು ಹಿಡಿದಳು. ಪಿರಿಯಾಪಟ್ಟಣದ ಕಡೆಯಿಂದ ಬಂದಿದ್ದ ಆ ಲೈನಿನ ಜನಕ್ಕೆ, ಎಲ್ಲರೂ ಅತ್ತೆ ಎನ್ನುವ ಹಿರಿಯಳು ರಂಗಮ್ಮ ಹೇಳಿದ್ದೇ ಕಟ್ಟಳೆ. ಅವಳು ಸಣ್ಣಿಯ ಕೈ ಹಿಡಿದಳು.

"ಸೀರೆ ಯಾರ್ ಕೊಟ್ಟಿದ್ದು?"

"ಸಿನಿಮಾದೋರು, ಅತ್ತೆ."

"ಗಂಡ್ಸೋ ಹೆಂಗ್ಸೋ?"

"...ಗಂಡ್ಸು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಸತ್ತವಳು ಇನ್ನೊಬ್ಬ ಗಂಡಸಿನ ಕೈಯಿಂದ ಸೀರೆ ಇಸಿದುಕೊಂಡು ಉಟ್ಟರೆ ಅದು ಉಡಿಕೆ. ಅವಳು ಅವನ ಹೆಂಡತಿ. ಸತ್ತವನಿಗೆ ಏನೂ ಅಲ್ಲ.

"ಈ ಜಾಗಕ್ಕೋಸ್ಕರನೇ ಉಟ್ಕಂಡೆ ಅತ್ತೆ!"

"ಉಟ್ಕಂಡ್ಯಲ್ಲ."

"ಒಂದೇ ಹಿಡಿ..."

"ಹೆಣ ತಣ್ಣಗಾಗೋಗಂಟನಾದ್ರೂ ತಡೀಬಾರ್ದಾಗಿತ್ತೇನೆ?" ಹಿಂದಿನಿಂದ ಯಾರೋ ಅಂದರು. ಶಾಂತಪ್ಪನ ಮುಂದೆ ಬಾಯಿ ಬಿಡದ ಗಂಡಸರು ಗುದ್ದಲಿ ತೆಗೆದುಕೊಂಡು ಗುಂಡಿ ಮುಚ್ಚಿದರು.

ಅಷ್ಟರಲ್ಲಿ ಅಸಿಸ್ಟೆಂಟು ಏದುಸಿರು ಬಿಡುತ್ತಾ ಬಂದ.

"ನೋಡು, ನಿನ್ ಗಂಡ ಬಂದ," ಅಂದಳು ರಂಗಮ್ಮ.

ಅವನಿಗೆ ಅರ್ಥವಾಗಲಿಲ್ಲ. "ಅಯ್ಯೋ, ಸೀರೆಗೆ ಮಣ್ಣು ಮಾಡ್ಕೋಬೇಡಮ್ಮ. ನಾಳೆ ಓಡೋ ಸೀನಿದೆ."

ಸಣ್ಣಿ ಮುಷ್ಟಿ ಬಿಚ್ಚಿ ಆ ಮಣ್ಣನ್ನು ಎದೆಯಿಂದ ಅಂಚಿನವರೆಗೂ ಸೀರೆಗೆ ತಿಕ್ಕಿದಳು. ನಾಳೆ ಬರುವುದಿಲ್ಲ ಎಂದಳು.

ಮರುದಿನ ಶಾಂತಪ್ಪ ಅವಳಿಗೆ ಗೊಬ್ಬರದ ಬುಟ್ಟಿ ಹೊರಿಸಿದ. ಕ್ಯಾಮೆರಾ ಇಟ್ಟಲ್ಲಿಗೇ ದಾರಿ. ಒಗೆದ ಪಟ್ಟೆ ಸೀರೆ ಉಟ್ಟು ಪಕ್ಕದ ಲೈನಿನ ಯಮುನ ಹೂವು ಹಣ್ಣುಗಳ ನಡುವೆ ಓಡುತ್ತಿದ್ದಳು. ಸಣ್ಣಿಗಿಂತ ಒಂದು ಗೇಣು ಎತ್ತರ, ಮೂಗಿನಲ್ಲಿ ನತ್ತು.

"ಬೇರೆ ಹೆಂಗಸು ಅಂತ ಗೊತ್ತಾಗಲ್ವಾ ಸಾರ್?" ಅಸಿಸ್ಟೆಂಟು ಕೇಳಿದ.

"ಕೂಲಿಯೋರ ಮುಖ ಯಾರ್ರೀ ನೋಡ್ತಾರೆ?" ಅಂದ ಡೈರೆಕ್ಟರ್. "ಸೀರೆ ಒಂದೇ ಇದ್ರೆ ಸಾಕು."

ಸಣ್ಣಿ ಬುಟ್ಟಿ ಹೊತ್ತು ಅಲ್ಲೇ ನಿಂತಿದ್ದಳು. ದಾರಿ ಬಿಡು ಅಂದರು.