ನಾಲ್ಕು ತೂತಿನ ಮುಚ್ಚಳ

ಒದ್ದೆ ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಇಬ್ಬರೂ ಹಿಂಡುತ್ತಿರುವಾಗಲೇ ಗೇಟಿನ ಸದ್ದಾಯಿತು. ಕೊರಿಯರಿನವನು ಅಂಗೈಯಗಲದ ಪೆಟ್ಟಿಗೆಯೊಂದನ್ನು ಕೊಟ್ಟು ಹೋದ. ಮೇಲೆ ಗುಜರಿ ಅಂಗಡಿಯ ಮೊಹರಿತ್ತು. ಈ ಸಲ ಅವಳು ಏನನ್ನೂ ತರಿಸಿರಲಿಲ್ಲ.

"ಬಂತೇನೇ?" ಗಂಡ ಗೋಡೆ ಸವರುತ್ತ ಹೊರಬಂದ.

ಇಪ್ಪತ್ತು ವರ್ಷ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಡ್ರೈವಿಂಗ್ ಮೇಷ್ಟ್ರು ಅವನು. ಕಲಿಸಿದ ಹಳೇ ಕಾರು ಅಂಗಳದಲ್ಲಿ ಕೆಟ್ಟು ನಿಂತು ಎರಡು ತಿಂಗಳು. ಅವನ ಕಣ್ಣು ಮಂಜಾಗತೊಡಗಿ ಅದಕ್ಕೂ ಹೆಚ್ಚು. ಹೋದ ದೃಷ್ಟಿ ಮರಳುವುದಿಲ್ಲವೆಂದು ಡಾಕ್ಟರು ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದ್ದರು. ಮನೆಗೆ ಬಂದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. "ಗಾಡಿ ರೆಡಿಯಾಗ್ಲಿ, ಸೋಮವಾರದಿಂದ ಕ್ಲಾಸ್ ಶುರು" ಎನ್ನುತ್ತಿದ್ದ. ಯಾವ ಸೋಮವಾರ ಎಂದು ಅವಳು ಕೇಳುತ್ತಿರಲಿಲ್ಲ.

ಬೇಕಾಗಿದ್ದದ್ದು ಡಿಸ್ಟ್ರಿಬ್ಯೂಟರಿನ ಮುಚ್ಚಳ, ಎಂಜಿನ್ನಿನ ಕಿಡಿಯನ್ನು ವಯರುಗಳಿಗೆ ಹಂಚುವ ಮುಷ್ಟಿಗಾತ್ರದ ಕಪ್ಪು ಬಟ್ಟಲು. ಹೊಸದು ಈಗ ಎಲ್ಲೂ ಸಿಗುವುದಿಲ್ಲ, ಗುಜರಿಯಿಂದ ಹಳೆಯದನ್ನೇ ತರಿಸಬೇಕು. "ಕನ್ನಡಕ ಎಲ್ಲಿಟ್ಟೆನೋ, ಫೋನಲ್ಲಿ ನೀನೇ ಹುಡುಕು" ಎಂದಿದ್ದ. ಸರಿಯಾದದ್ದು ಮೊದಲ ದಿನವೇ ಅವಳ ಕಣ್ಣಿಗೆ ಬಿತ್ತು; ಸುತ್ತ ನಾಲ್ಕು ತೂತು. ಅವಳು ಪಕ್ಕದ ಆರು ತೂತಿನದನ್ನು ತರಿಸಿದಳು. ಅವನು ಬೆರಳಲ್ಲೇ ಎಣಿಸಿ, "ನಿಂಗೆ ಸಕ್ಕರೆ ಡಬ್ಬಿ ಮುಚ್ಚಳ ಬಿಟ್ರೆ ಬೇರೆ ಮುಚ್ಚಳ ಗೊತ್ತಾಗಲ್ಲ ಕಣೆ" ಎಂದು ನಕ್ಕ. ಎರಡನೆಯ ಸಲ ಇನ್ಯಾವುದೋ ಕಾರಿನದು ಬಂತು. ಎರಡು ಸಲವೂ ಮಗಳು ಪಕ್ಕದಲ್ಲೇ ಕೂತು ಫೋನು ನೋಡಿದ್ದಳು. ಏನೂ ಕೇಳಿರಲಿಲ್ಲ.

ಈಗ ಪೆಟ್ಟಿಗೆಯೊಳಗೆ ಚೀಟಿಯೊಂದಿತ್ತು. ಮಗಳು ಓದಿದಳು: "ಅಕ್ಕಾ, ಎರಡು ಸಲ ತಪ್ಪಾಗಿ ತಗೊಂಡ್ರಿ, ನಂಗೇ ಬೇಜಾರಾಯ್ತು. ವಾಪಸ್ ಮಾಡೋವಾಗ ನೀವು ಹಾಕಿದ ಫೋಟೋದಲ್ಲಿ ಹಿಂದೆ ನಿಮ್ಮ ಕಾರು ಕಾಣ್ತು. ಅದಕ್ಕೆ ಹೊಂದೋದೇ ಕಳಿಸಿದೀನಿ. ಇದು ನನ್ನ ಕಡೆಯಿಂದ."

"ಇಂಥವರೂ ಇದಾರೆ ನೋಡು," ಎಂದು ಅವನು ಮುಚ್ಚಳವನ್ನು ಸವರಿದ. "ಒಂದು, ಎರಡು, ಮೂರು, ನಾಲ್ಕು."

"ಬಟ್ಟೆ ಒಣಗಹಾಕಿ ಬರ್ತೀನಿ ರೀ. ಆಮೇಲೆ ಹಾಕಿದ್ರಾಯ್ತು."

"ಬಟ್ಟೆಗೂ ಎಂಜಿನ್ನಿಗೂ ಏನೇ ಸಂಬಂಧ?"

ಅಷ್ಟರಲ್ಲಿ ಬಾನೆಟ್ ಎತ್ತಿಯಾಗಿತ್ತು. ಹಳೆಯದರಿಂದ ಒಂದೊಂದೇ ವಯರು ಕಿತ್ತು, ಈಗ ಬಂದ ಮುಚ್ಚಳಕ್ಕೆ ಚುಚ್ಚಿದ. ಒಮ್ಮೆಯೂ ತಡವರಿಸಲಿಲ್ಲ. ಆ ಕೈಗಳನ್ನು ನೋಡಿದವರು ಕಣ್ಣಿನ ವಿಷಯ ಹೇಳಿದರೆ ನಂಬುತ್ತಿರಲಿಲ್ಲ. ಬ್ಯಾಟರಿಯನ್ನು ಮೊನ್ನೆಯೇ ಚಾರ್ಜ್ ಮಾಡಿಸಿಟ್ಟಿದ್ದ. ಬಾನೆಟ್ ಮುಚ್ಚಿ, ಬಾಗಿಲು ಹುಡುಕಿ ಒಳಗೆ ಕೂತು ಕೀಲಿ ತಿರುಗಿಸಿದ. ಎರಡನೆಯ ಸಲಕ್ಕೆ ಎಂಜಿನ್ ಕೆಮ್ಮಿ, ಗುರುಗುಟ್ಟಿ, ನಿಂತಲ್ಲೇ ಅದುರತೊಡಗಿತು.

"ಹತ್ತು ಪುಟ್ಟೀ, ಸ್ಕೂಲಿಗೆ ನಾನೇ ಬಿಡ್ತೀನಿ ಇವತ್ತು."

ಅವನ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ನಗುವಿತ್ತು. ಅವಳ ಕೈಯಲ್ಲಿದ್ದ ಬೆಡ್‌ಶೀಟಿನ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

ಮಗಳು ಚೀಲ ಹೆಗಲಿಗೇರಿಸಿದಳು. ಬಾಗಿಲ ಕಡೆ ಹೋಗದೆ ಕಾರಿನ ಮುಂದೆ ಬಂದು, ಗಾಜಿಗೆ ನೇರವಾಗಿ ನಿಂತು, ಬಲಗೈ ಮೇಲೆತ್ತಿದಳು.

"ಅಪ್ಪಾ, ನಾನೀಗ ಎಷ್ಟು ಬೆರಳು ತೋರಿಸ್ತಿದೀನಿ?"