ಅಳತೆ ಪುಸ್ತಕದಲ್ಲಿ ಎಂಟು ಪುಟ

‘ಸಂಬಂಧ’ ಎಂಬ ಕಾಲಂ ಬಂದಾಗ ಮಕ್ಕಳ ಇಲಾಖೆಯ ಮೇಡಂ ಪೆನ್ನು ನಿಲ್ಲಿಸಿದರು.

“ಹುಡುಗಿ ನಿಮ್ಮನ್ನ ಅತ್ತೆ ಅಂತಾಳೆ. ಅವಳ ತಂದೆಗೆ ನೀವು ಅಕ್ಕನೋ, ತಂಗಿಯೋ?”

“ಎರಡೂ ಅಲ್ಲ. ಅವರು ಮೇಲಿನ ಮನೆ, ನಾನು ಕೆಳಗಿನ ಮನೆ.”

“ಹಾಗಿದ್ರೆ ಸಂಬಂಧ ಇಲ್ಲ ಅಂತ ಬರೀಲಾ?”

ನನಗೆ ಪಿತ್ತ ನೆತ್ತಿಗೇರಿತು. ಜಗಳಕ್ಕೆ ಇಳಿದರೆ ಕೆಲಸ ಕೆಡುತ್ತದೆಂದು ಹಲ್ಲು ಕಚ್ಚಿ ಕುಳಿತೆ. ಚೂಟಿಗೆ ಎಂಟು ವರ್ಷ. ಅವಳು ಹುಟ್ಟುವ ಮೊದಲೇ ಅಪ್ಪ ನಾಪತ್ತೆ. ಬೇಕರಿಯಲ್ಲಿ ದುಡಿಯುತ್ತಿದ್ದ ಅಮ್ಮ ಆಸ್ಪತ್ರೆ ಸೇರಿ ತಿಂಗಳಾಗಿತ್ತು. ಯಾವಾಗ ಬಿಡುತ್ತಾರೆಂದು ಡಾಕ್ಟರೇ ಹೇಳುತ್ತಿರಲಿಲ್ಲ. ಅಂದಿನಿಂದ ಹುಡುಗಿ ನನ್ನಲ್ಲೇ ಇದ್ದಳು. ಈಗ ಮೇಡಂ ಒಪ್ಪದಿದ್ದರೆ ಸೋಮವಾರ ಅವಳು ಆರು ಗಂಟೆ ದೂರದ ಬಾಲಮಂದಿರಕ್ಕೆ ಹೊರಡಬೇಕು. ಶಾಲೆ ಬೇರೆ, ಬೀದಿ ಬೇರೆ, ಅಮ್ಮನನ್ನು ನೋಡಿ ಬರುವ ಮಾತೇ ಇಲ್ಲ. ಅದಕ್ಕೆ ನಾನು ಬಿಡುವವಳಲ್ಲ.

ಮೇಡಂ ಎದ್ದು ಕೋಣೆ ನೋಡಿದರು. ಬಟ್ಟೆ ಕತ್ತರಿಸುವ ಮೇಜನ್ನು ಹೊರಗೆ ಸಾಗಿಸಿ, ಆ ಜಾಗಕ್ಕೆ ನಾನು ಪುಟ್ಟ ಮಂಚ ಹಾಕಿಸಿದ್ದೆ.

“ಮತ್ತೆ ಎಲ್ಲಿ ಕತ್ತರಿಸ್ತೀರಿ?”

“ನೆಲದ ಮೇಲೆ.”

“ಮಂಡಿ ನೋಯಲ್ವಾ?”

“ನೋಯುತ್ತೆ. ನೋಯ್ಲಿ ಬಿಡಿ, ಅದಕ್ಕೆ ಬೇರೆ ಏನು ಕೆಲಸ ಇದೆ?”

ಮೇಡಂ ನಗಲಿಲ್ಲ. “ಅಕ್ಕಪಕ್ಕದವರಿಗೆಲ್ಲ ಕನಿಕರ ಇರುತ್ತೆ, ಅಮ್ಮ. ಮೂರು ತಿಂಗಳಿಗೆ ಬತ್ತಿಹೋಗುತ್ತೆ, ನಾನು ನೋಡಿದ್ದೀನಿ. ಈ ಮಗೂನ ನೀವು ನಿಜವಾಗಿ ಬಲ್ಲಿರಿ ಅನ್ನೋಕೆ ಏನಾದ್ರೂ ತೋರಿಸಿ.”

ಅವರು ಕೆಟ್ಟವರಲ್ಲ, ನನಗೆ ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಕಪಾಟಿನಿಂದ ಅಳತೆ ಪುಸ್ತಕ ತೆಗೆದು ಅವರ ಕೈಗಿಟ್ಟೆ. ವರ್ಷಕ್ಕೊಂದರಂತೆ ಚೂಟಿಗೆ ಎಂಟು ಪುಟ. ಎದೆ, ಸೊಂಟ, ಉದ್ದದ ಕೆಳಗೆ ನನ್ನ ಕಾಗೆ ಕಾಲಿನ ಅಕ್ಷರ.

ಮೇಡಂ ಮೆಲ್ಲಗೆ ಓದಿದರು: “ಇನ್ನೂ ಅಂಬೆಗಾಲು, ಮಂಡಿಗೆ ಎರಡು ಪದರ. ಕುತ್ತಿಗೆ ಬಿಗಿಯಾದರೆ ಅಳುತ್ತಾಳೆ. ಜೇಬು ಗಟ್ಟಿ ಇರಲಿ, ಕಲ್ಲು ತುಂಬುತ್ತಾಳೆ. ಕೈಗೆ ಬ್ಯಾಂಡೇಜು, ತೋಳಿಗೆ ಗುಂಡಿ ಇಡು. ಎಡ ಭುಜ ತುಸು ಕೆಳಗೆ.”

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಚೂಟಿಯನ್ನು ಕರೆದು ನೆಟ್ಟಗೆ ನಿಲ್ಲಿಸಿದರು. ಎಡ ಭುಜ ತುಸು ಕೆಳಗೇ ಇತ್ತು.

“ಶಾಲೆಯ ಫೈಲಲ್ಲಿ ಇದಿಲ್ಲ.”

“ಶಾಲೆಯವರು ಹೊಲಿಯಲ್ಲವಲ್ಲ.”

ಈ ಸಲ ಮೇಡಂ ತುಟಿಯಂಚಿನಲ್ಲಿ ನಕ್ಕರು. ಮತ್ತೆ ಮುಖ ಬಿಗಿದು ಕೇಳಿದರು: “ಎಷ್ಟು ದಿನ ಇಟ್ಕೊಳ್ತೀರಿ?”

ಚೂಟಿ ನನ್ನ ಮುಖವನ್ನೇ ನೋಡಿದಳು. ಅವಳು ತೊಟ್ಟಿದ್ದ ಹೊಸ ಯೂನಿಫಾರಂನ ಅಂಚು ಮಗುಚಿ ಮೇಡಂಗೆ ತೋರಿಸಿದೆ. ಬೆಳೆದಂತೆ ಬಿಚ್ಚಿ ಇಳಿಸಲೆಂದು ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಹೊಲಿದಿದ್ದೆ.

“ಅವರಮ್ಮ ವಾಸಿಯಾಗಿ ಬಂದ ದಿನ ಕೈಗೆ ಒಪ್ಪಿಸ್ತೀನಿ. ಅಲ್ಲೀವರೆಗೆ ಇದನ್ನ ಬಿಚ್ತಾ ಹೋಗ್ತೀನಿ. ಮುಗಿದ್ರೆ ಹೊಸದು ಹೊಲಿತೀನಿ.”

ಮೇಡಂ ತಮ್ಮ ಬೆರಳಿಟ್ಟು ಆ ಮಡಿಕೆಯನ್ನು ಅಳೆದು ನೋಡಿದರು. ಬಳಿಕ ಸಂಬಂಧದ ಕಾಲಂನಲ್ಲಿ ‘ಹುಟ್ಟಿದಂದಿನಿಂದ ಬಲ್ಲವರು’ ಎಂದು ಬರೆದು ಸಹಿ ಹಾಕಿದರು.

“ಮೂರು ತಿಂಗಳಿಗೆ ಬಂದು ನೋಡ್ತೀನಿ.”

“ಬನ್ನಿ,” ಎಂದೆ. “ಅಷ್ಟೊತ್ತಿಗೆ ಒಂದು ಬೆರಳು ಬಿಚ್ಚಿರ್ತೀನಿ.”